ಹಳೆಯ ಡೀಸೆಲ್ ಜೀಪಿಗೆ 90 ಆಂಪಿಯರ್ ಆಲ್ಟರ್ನೇಟರ್: ಮಳೆಗಾಲದಲ್ಲಿ ಓಡಿಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸಿ ಬ್ಯಾಟರಿ ಚಾರ್ಜ್ ಮಾಡುವ ಈ ಆಲ್ಟರ್ನೇಟರ್ ಹಾಕಿಸಿದ್ದು ಒಳ್ಳೆಯದೇ ಆಯಿತು. ಆದರೆ ನನ್ನ ಗಾಡಿಯ ತೊಂದರೆಯಲ್ಲಿ ದೊಡ್ಡ ಪಾಲು ಸರಿಹೋಗಿದ್ದು ಹೊಸ ಆಲ್ಟರ್ನೇಟರ್ ಬರುವುದಕ್ಕೆ ಮುಂಚೆಯೇ, ವೈರು ಮತ್ತು ಅರ್ಥ್ (ಕರೆಂಟ್ ಬ್ಯಾಟರಿಯ ಮೈನಸ್ಸಿಗೆ ಮರಳುವ ದಾರಿ) ಸರಿಮಾಡಿದಾಗ. ದುಡ್ಡು ಬಿಚ್ಚುವ ಮೊದಲು ಅದನ್ನೇ ನೋಡಿ.

ನನ್ನದು ಡಿಐ (ಡೀಸೆಲ್ ನೇರ ಸಿಲಿಂಡರಿನೊಳಗೆ ಚಿಮ್ಮುವ) ಎಂಜಿನ್ನಿನ ಹಳೆಯ ಫೋರ್ ವೀಲ್ ಡ್ರೈವ್ ಜೀಪು. ಓಡಾಟ ಸಕಲೇಶಪುರದ ಸುತ್ತಮುತ್ತ, ಬಿಸಿಲೆ ಕಡೆ, ಕಾಫಿ ತೋಟಗಳ ಒಳದಾರಿ. ಜೂನ್ ಬಂತೆಂದರೆ ಹಗಲಲ್ಲೂ ಹೆಡ್‌ಲೈಟು, ಫಾಗ್ ಲೈಟು, ವೈಪರ್, ಬ್ಲೋವರ್ ಎಲ್ಲ ಒಟ್ಟಿಗೆ ಬೇಕು. ಅದೂ ಲೋ ರೇಂಜಿನಲ್ಲಿ (ನಿಧಾನಕ್ಕೆ ತೆವಳುವ ಗೇರಿನಲ್ಲಿ), ಎಂಜಿನ್ ಐಡಲ್‌ಗಿಂತ ಚೂರು ಮೇಲೆ ತಿರುಗುತ್ತಿರುವಾಗ (ಐಡಲ್ ಅಂದರೆ ರೇಸ್ ಕೊಡದೆ ಎಂಜಿನ್ ಸುಮ್ಮನೆ ಓಡುವುದು). ಸಂಜೆ ಹೊತ್ತಿಗೆ ಲೈಟು ಮಂಕಾಗುತ್ತಿತ್ತು, ವೈಪರ್ ಎಳೆದುಕೊಂಡು ಓಡುತ್ತಿತ್ತು, ಬೆಳಿಗ್ಗೆ ಸೆಲ್ಫ್ ಹೊಡೆದರೆ ಬರೀ ಟಕ್ ಟಕ್.

ಇಂಥ ಹೊತ್ತಿನಲ್ಲಿ ಎಲ್ಲರೂ ಹೇಳುವುದು ಒಂದೇ, ಬ್ಯಾಟರಿ ಬದಲಾಯಿಸಿ ಎಂದು. ಹಾಗೆ ಮಾಡಬೇಡಿ. ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಫುಲ್ ಚಾರ್ಜ್. ಸ್ವಲ್ಪ ರೇಸ್ ಕೊಟ್ಟು ಎಂಜಿನ್ ಓಡಿಸುವಾಗ 13.8ರಿಂದ 14.4ರ ಒಳಗಿರಬೇಕು. ಇದನ್ನು ಎಲ್ಲ ಲೈಟು ಹಾಕಿ ನೋಡಬೇಕು. ಸುಮ್ನೆ ಖಾಲಿ ನಿಲ್ಲಿಸಿ ನೋಡಿದರೆ ಕೆಟ್ಟ ಆಲ್ಟರ್ನೇಟರ್ ಕೂಡ ಚೆನ್ನಾಗಿಯೇ ಕಾಣುತ್ತದೆ. ನನ್ನ ಗಾಡಿ ಲೋಡಿನಲ್ಲಿ, ಐಡಲ್‌ನಲ್ಲಿ 12.2 ತೋರಿಸಿತು. ಅಂದರೆ ಬ್ಯಾಟರಿಗೆ ಚಾರ್ಜ್ ಹೋಗುತ್ತಲೇ ಇಲ್ಲ, ಅದರಿಂದಲೇ ಖರ್ಚಾಗುತ್ತಿದೆ.

ನಿಜವಾದ ಕಳ್ಳ ಸಿಕ್ಕಿದ್ದು ಮುಂದಿನ ಟೆಸ್ಟಿನಲ್ಲಿ. ಎಂಜಿನ್ ಓಡುತ್ತಿರುವಾಗಲೇ, ಎಲ್ಲ ಲೈಟು ಹಾಕಿ, ಮೀಟರಿನ ಒಂದು ಕಡ್ಡಿಯನ್ನು ಆಲ್ಟರ್ನೇಟರಿನಿಂದ ಕರೆಂಟ್ ಹೊರಬರುವ ಬಿ ಪ್ಲಸ್ ಬೋಲ್ಟಿಗೆ, ಇನ್ನೊಂದನ್ನು ಬ್ಯಾಟರಿಯ ಪ್ಲಸ್ ಕಂಬಕ್ಕೆ ಇಡಿ. 0.3 ವೋಲ್ಟ್ ಒಳಗಿದ್ದರೆ ಪರವಾಗಿಲ್ಲ. ನನಗೆ 0.9 ಬಂತು. ಆಲ್ಟರ್ನೇಟರಿನ ಬಾಡಿಯಿಂದ ಬ್ಯಾಟರಿಯ ಮೈನಸ್‌ಗೆ 0.2 ದಾಟಬಾರದು, ಅಲ್ಲಿ 0.6. ಎರಡೂ ಸೇರಿ ಒಂದೂವರೆ ವೋಲ್ಟ್ ದಾರಿಯಲ್ಲೇ ಮಾಯ! ಎಂಜಿನ್ನಿಗೂ ಚಾಸಿಗೂ ನಡುವಿನ ಅರ್ಥ್ ಪಟ್ಟಿ ಬಿಚ್ಚಿದರೆ, ಬೋಲ್ಟಿನ ಕೆಳಗೆ ಹಸಿರು ಕಿಲುಬು, ಅದರ ಮೇಲೆ ಗಟ್ಟಿಯಾದ ಕೆಂಪು ಮಣ್ಣು. ತಾಮ್ರದ ಎಳೆಗಳಲ್ಲಿ ಅರ್ಧಕ್ಕರ್ಧ ಮುರಿದು ಹೋಗಿದ್ದವು. ಉಜ್ಜಿ ಲೋಹ ಕಾಣುವಂತೆ ಮಾಡಿ, ಹೊಸ ಪಟ್ಟಿ ಹಾಕಿ, ಆಲ್ಟರ್ನೇಟರಿನಿಂದ ಬ್ಯಾಟರಿಗೆ 25 ಚದರ ಮಿಲಿಮೀಟರಿನ ಕೇಬಲ್ ಎಳೆಸಿದೆ. ಬ್ಯಾಟರಿ ತುದಿಯಲ್ಲಿ 125 ಆಂಪಿಯರ್ ಫ್ಯೂಸ್ ಇದೆ. ಫ್ಯೂಸ್ ಇಲ್ಲದೆ ಈ ಕೇಬಲ್ ಹಾಕಿಸಬೇಡಿ, ಎಲ್ಲಾದರೂ ಉಜ್ಜಿ ಬಾಡಿಗೆ ತಗುಲಿದರೆ ಬೆಂಕಿಯೇ ಗತಿ.

ಡ್ಯಾಶಿನ ಚಾರ್ಜಿಂಗ್ ಬಲ್ಬನ್ನೂ ನೋಡಿ. ಕೀ ಆನ್ ಮಾಡಿದಾಗ ಅದು ಉರಿಯಲೇಬೇಕು. ಅದರ ಮೂಲಕವೇ ಫೀಲ್ಡಿಗೆ (ಆಲ್ಟರ್ನೇಟರಿನೊಳಗೆ ಅಯಸ್ಕಾಂತವಾಗುವ ಸುರುಳಿಗೆ) ಮೊದಲ ಕರೆಂಟ್ ಹೋಗುತ್ತದೆ. ಬಲ್ಬ್ ಸುಟ್ಟಿದ್ದರೆ ಎಷ್ಟೋ ಆಲ್ಟರ್ನೇಟರುಗಳು ಜೋರಾಗಿ ರೇಸ್ ಕೊಡುವ ತನಕ ಏಳುವುದೇ ಇಲ್ಲ. ಇನ್ನು ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿ ಮೇಲೆ ಹಿಡಿದಾಗ ಅರ್ಧ ವೋಲ್ಟಿಗಿಂತ ಜಾಸ್ತಿ ಬಂದರೆ ಆಲ್ಟರ್ನೇಟರಿನ ಒಳಗೆ ಎಸಿ ಕರೆಂಟನ್ನು ಡಿಸಿ ಮಾಡುವ ಡಯೋಡ್ ಹೋಗಿದೆ ಎಂದೇ ಅರ್ಥ.

ಇಷ್ಟಾದ ಮೇಲೂ ನನಗೆ ಸಾಲಲಿಲ್ಲ. ಲೆಕ್ಕ ನೋಡಿ. ಹೆಡ್‌ಲೈಟಿಗೆ ಸುಮಾರು 9 ಆಂಪಿಯರ್, ಫಾಗ್ ಲೈಟಿಗೆ ಅಷ್ಟೇ, ಬ್ಲೋವರ್ ಮತ್ತು ವೈಪರ್ ಸೇರಿ 12, ಉಳಿದ ಚಿಲ್ಲರೆ 4. ಒಟ್ಟು 34. ಹಳೆಯದರ ಲೇಬಲ್ಲಿನಲ್ಲಿ 45 ಎಂದಿತ್ತು. ಆದರೆ ಆ ಅಂಕಿ ಜೋರಾಗಿ ತಿರುಗುವಾಗಿನದು, ಐಡಲ್‌ನಲ್ಲಿ ಅದರ ಅರ್ಧವೂ ಸಿಗುವುದು ಕಷ್ಟ. ಕಾಡುದಾರಿಯಲ್ಲಿ ತೆವಳುವ ನಮಗೆ ಬೇಕಿರುವುದು ಆ ಐಡಲ್ ಕರೆಂಟೇ ಅಲ್ವಾ? ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಯೂ ಅದೇ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ 90 ಆಂಪಿಯರಿನದು ತಂದೆ. ಹಳೆಯದಕ್ಕೆ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು), ಬೇರಿಂಗ್ ಹಾಕಿಸುವುದಕ್ಕಿಂತ ಎಷ್ಟೋ ದುಬಾರಿ. ಆಯ್ಕೆ ಕಷ್ಟವಾಗಿದ್ದು ವ್ಯಾಕ್ಯೂಮ್ ಪಂಪಿನಿಂದ. ಡೀಸೆಲ್ ಎಂಜಿನ್ನಿನಲ್ಲಿ ಪೆಟ್ರೋಲ್ ಗಾಡಿಯ ಹಾಗೆ ಮ್ಯಾನಿಫೋಲ್ಡಿನಲ್ಲಿ (ಗಾಳಿ ಒಳಹೋಗುವ ಕೊಳವೆಯಲ್ಲಿ) ವ್ಯಾಕ್ಯೂಮ್ ಹುಟ್ಟುವುದಿಲ್ಲ. ಹಾಗಾಗಿ ವ್ಯಾಕ್ಯೂಮಿನಿಂದ ಪೆಡಲ್ ಹಗುರ ಮಾಡುವ ಬ್ರೇಕ್ ಬೂಸ್ಟರಿಗೆ ಬೇರೆ ಪಂಪು ಬೇಕು. ನನ್ನ ಗಾಡಿಯಲ್ಲಿ ಅದು ಆಲ್ಟರ್ನೇಟರಿನ ಬೆನ್ನಿಗೇ ಕೂತು, ಅದೇ ಶಾಫ್ಟಿನಲ್ಲಿ ತಿರುಗುತ್ತದೆ. ಪಂಪಿಲ್ಲದ ಆಲ್ಟರ್ನೇಟರ್ ಅಗ್ಗಕ್ಕೆ ಸಿಗುತ್ತದೆ ಎಂದು ಹಾಕಿಸಿಕೊಂಡರೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ. ಘಾಟಿಯಲ್ಲಿ ಅದು ಜೀವದ ಪ್ರಶ್ನೆ. ಪಂಪಿಗೆ ಎಂಜಿನ್ ಆಯಿಲ್ ಬರುವ ಪೈಪು, ವಾಪಸ್ ಹೋಗುವ ಹೋಸು ಎರಡಕ್ಕೂ ಹೊಸ ವಾಷರ್, ಹೊಸ ಕ್ಲಿಪ್ ಹಾಕಿಸಿ. ಅಲ್ಲಿಂದ ಸೋರಿದ ಆಯಿಲ್ ಒಳಗೆ ಇಳಿದರೆ ಬ್ರಷ್ಷು, ಅದು ಉಜ್ಜಿಕೊಂಡಿರುವ ಸ್ಲಿಪ್ ರಿಂಗು ಎರಡೂ ಹಾಳು. ನನ್ನ ಹಳೆಯದು ಸೊರಗಿದ್ದೂ ಹಾಗೆಯೇ, ಬಿಚ್ಚಿದಾಗ ಬ್ರಷ್ಷಿನ ಸುತ್ತ ಕರಿ ಅಂಟು ತುಂಬಿತ್ತು.

ಈಗ ಎಲ್ಲ ಲೋಡ್ ಹಾಕಿ ಐಡಲ್‌ನಲ್ಲಿ 13.5, ಸ್ವಲ್ಪ ರೇಸ್ ಕೊಟ್ಟರೆ 14.1. ಮಳೆಯಲ್ಲಿ ಇಡೀ ಸಂಜೆ ತೋಟದೊಳಗೆ ತಿರುಗಿ ಬಂದರೂ ಮರುದಿನ ಒಂದೇ ಸೆಲ್ಫಿಗೆ ಎಂಜಿನ್ ಏಳುತ್ತದೆ. ಬೂಸ್ಟರ್ ಕೂಡ ಮೊದಲಿಗಿಂತ ಬೇಗ ತುಂಬುತ್ತಿದೆ.

ಕೊರತೆ ಇರುವುದು ಬೆಲ್ಟಿನಲ್ಲಿ. 90 ಆಂಪಿಯರ್ ಪೂರ್ತಿ ಎಳೆದರೆ ಎಂಜಿನ್ನಿನಿಂದ ಸುಮಾರು 3 ಎಚ್‌ಪಿ ಹೋಗುತ್ತದೆ. ಒಂದೇ ವಿ ಬೆಲ್ಟಿಗೆ ಅದು ಭಾರವೇ. ತಂಪು ಬೆಳಿಗ್ಗೆ ಲೈಟು ಹಾಕಿದ ತಕ್ಷಣ ಕಿರ್ ಎನ್ನುತ್ತದೆ, ಮೊದಲಿಗಿಂತ ಬೇಗ ಸವೆಯುತ್ತದೆ. ಹೆಬ್ಬೆರಳಿನಲ್ಲಿ ಒತ್ತಿದರೆ 10ರಿಂದ 12 ಮಿಲಿಮೀಟರ್ ಬಗ್ಗುವಂತೆ ಇಟ್ಟುಕೊಳ್ಳುತ್ತೇನೆ. ಅದಕ್ಕಿಂತ ಬಿಗಿ ಮಾಡಿದರೆ ಬೇರಿಂಗ್ ಹೋಗುತ್ತದೆ. ಹೊಳೆ ದಾಟಿದ ದಿನ ಎಂಜಿನ್ ತಣ್ಣಗಾದ ಮೇಲೆ ಸಾದಾ ಪೈಪಿನ ನೀರಿನಲ್ಲಿ ಕೆಸರು ತೊಳೆಯುತ್ತೇನೆ, ಪ್ರೆಷರ್ ವಾಷ್ ಹತ್ತಿರಕ್ಕೂ ಬಿಡುವುದಿಲ್ಲ.

ಹೆಚ್ಚುವರಿ ಲೈಟಿಲ್ಲದ, ಊರೊಳಗೆ ಓಡುವ ಗಾಡಿಗೆ ಇದು ಬೇಡ. ಅರ್ಥ್ ಪಟ್ಟಿ, ಹೊಸ ಬ್ರಷ್ಷು ಸಾಕು. ಹಾಕಿಸುವವರು ಮಾತ್ರ ಫಿಟ್ಟಿಂಗ್ ಮುಗಿದ ಕೂಡಲೇ ರಸ್ತೆಗೆ ಇಳಿಯಬೇಡಿ. ಎಂಜಿನ್ ಆಫ್ ಮಾಡಿ ಬ್ರೇಕ್ ಪೆಡಲ್ ಗಟ್ಟಿಯಾಗುವ ತನಕ ತುಳಿಯಿರಿ, ಕಾಲು ಅಲ್ಲೇ ಇಟ್ಟು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿದರೆ ಪಂಪು ಕೆಲಸ ಮಾಡುತ್ತಿದೆ. ಇಳಿಯದಿದ್ದರೆ ಗಾಡಿ ಅಲ್ಲೇ ನಿಲ್ಲಲಿ.