ಮೂಡ್‌ಗೆ ಕಾಯೋದಾ, ದಿನಾ ಕೂರೋದಾ, ಗಡುವು ಹಾಕ್ಕೊಳ್ಳೋದಾ?

ಆಲ್ಬಮ್‌ಗೆ ಹಾಡು ಬರೆಯಲು ಮೂರು ಬಗೆ ಪ್ರಯತ್ನಿಸಿದೆ. ಹೊಳೆದಾಗ ಫೋನಿಗೆ ಗುನುಗಿಡುವುದು, ದಿನಾ ಒಂದೇ ಹೊತ್ತಿಗೆ ಕೂತು ಬರೆಯುವುದು, ಗಡುವು ಹಾಕಿಕೊಂಡು ಬರೆದು ಬಿಸಾಕುವುದು. ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ: ಪಲ್ಲವಿಗೆ ಫೋನು, ಚರಣಕ್ಕೆ ಕುರ್ಚಿ. ಗಡುವು ಬೇರೆ ಒಂದು ಕಾಯಿಲೆಗೆ ಮದ್ದಾಯಿತು.

ಒಳ್ಳೆಯ ಪಲ್ಲವಿಗಳೆಲ್ಲ ಕೈಗೆ ಬೇರೆ ಕೆಲಸ ಇದ್ದಾಗಲೇ ಬಂದವು. ನಡೆಯುವಾಗ, ಬಟ್ಟೆ ಮಡಚುವಾಗ. ಫೋನಿನ ರೆಕಾರ್ಡರ್ ಇಲ್ಲಿ ನೋಟ್‌ಬುಕ್‌ಗಿಂತ ಎಷ್ಟೋ ಮೇಲು, ಯಾಕೆಂದರೆ ಪದ ಆಮೇಲೂ ನೆನಪಾಗುತ್ತದೆ, ಟ್ಯೂನ್ ಆಗುವುದಿಲ್ಲ. ತೊಂದರೆ ಶುರುವಾಗುವುದು ಫೈಲುಗಳು ರಾಶಿ ಬಿದ್ದ ಮೇಲೆ. ಬರೀ ಗುನುಗು ಕೇಳಿದರೆ ತಾಳದ ಎತ್ತುಗಡೆ, ಅಂದರೆ ತಾಳದಲ್ಲಿ ಹಾಡು ಶುರುವಾಗುವ ಜಾಗ, ಎಲ್ಲಿದೆ ಎಂದೇ ತಿಳಿಯದು. ಬೆರಳಲ್ಲಿ ಮೇಜು ತಟ್ಟುತ್ತಾ ಗುನುಗಿ, ಕೊನೆಗೆ ‘ಇದು ಜಗಳವಾದ ಮೇಲಿನ ಹಾಡು’ ಎಂಬಂಥ ಒಂದು ಮಾತು ಸೇರಿಸಿಡುವುದು ವಾಸಿ. ಆದರೆ ಎರಡನೇ ಚರಣ ಮಾತ್ರ ಫೋನಿನಲ್ಲಿ ಎಂದೂ ಸಿಗಲಿಲ್ಲ.

ಅದು ಸಿಕ್ಕಿದ್ದು ಕುರ್ಚಿಯಲ್ಲಿ. ಬೆಳಿಗ್ಗೆ, ಯಾರ ಮೆಸೇಜೂ ನೋಡುವ ಮೊದಲು ಒಂದು ಗಂಟೆ. ಅರ್ಧಕ್ಕರ್ಧ ದಿನ ಬರೆದದ್ದೆಲ್ಲ ಕಸವೇ. ಆದರೂ ಅಲ್ಲಿ ನಡೆಯುವ ಕೆಲಸ ಬೇರೆ ಎಲ್ಲೂ ನಡೆಯದು. ಒಂದು ಉದಾಹರಣೆ. ಮೊದಲು ಸಾಹಿತ್ಯ ಬರೆದಾಗ ಒಂದು ಸಾಲು ಹೀಗಿತ್ತು: ‘ಕಿಟಕಿಯ ಆಚೆಗೆ ನಿಂತಿದೆ ಗಾಳಿ’. ನಾಲ್ಕು ನಾಲ್ಕು ಮಾತ್ರೆಯ ಗಣ, ಕೊನೆಯಲ್ಲಿ ಒಂದು ಮಾತ್ರೆ ಖಾಲಿ. ಓದಲು ಚೆನ್ನಾಗಿತ್ತು. ಆದರೆ ಫೋನಿನಲ್ಲಿದ್ದ ಟ್ಯೂನ್ ತಿಶ್ರ ನಡೆಯಲ್ಲಿತ್ತು, ಮೂರು ಮೂರು ಮಾತ್ರೆ ಕೇಳುತ್ತಿತ್ತು. ಕೂತು ತಿದ್ದಿದಾಗ ಉಳಿದದ್ದು: ‘ಕಿಟಕಿ ಆಚೆ ನಿಂತ ಗಾಳಿ’.

ಮಾತ್ರೆ ಕೂಡಿದ್ದಷ್ಟೇ ಅಲ್ಲ. ಮೊದಲ ಸಾಲು ಹೇಳುವುದನ್ನು ಹೇಳಿ ಮುಗಿಸಿಬಿಡುತ್ತದೆ. ತಿದ್ದಿದ ಸಾಲು ಮುಗಿಯುವುದೇ ಇಲ್ಲ. ನಿಂತ ಗಾಳಿ ಏನು ಮಾಡಿತು, ಒಳಗೆ ಬಂತೋ ಹಾಗೇ ಹೋಯಿತೋ ಎಂದು ಮುಂದಿನ ಸಾಲನ್ನು ಎಳೆಯುತ್ತದೆ. ಚರಣ ಅಲ್ಲಿಂದಲೇ ಹುಟ್ಟಿತು. ಟ್ಯೂನ್ ಮೊದಲೋ ಸಾಹಿತ್ಯ ಮೊದಲೋ ಎಂಬ ಹಳೆಯ ವಾದದಲ್ಲಿ ಈಗ ನಾನು ಟ್ಯೂನ್ ಪಕ್ಷ, ಕಡೇ ಪಕ್ಷ ಪಲ್ಲವಿಯ ಮಟ್ಟಿಗೆ. ‘ಲಾಲಾ’ ತುಂಬಿದ ಡಮ್ಮಿ ಸಾಲಿನ ಮೇಲೆ ಪದ ಕೂರಿಸುವುದು ಕಿರಿಕಿರಿಯೇ, ಆದರೆ ಆ ಇಕ್ಕಟ್ಟಿನಲ್ಲೇ ಅಗ್ಗದ ವಿಶೇಷಣಗಳು ಉದುರಿಹೋಗುತ್ತವೆ.

ಕುರ್ಚಿಗೂ ಒಂದು ಕಾಯಿಲೆ ಇದೆ. ಅದೇ ಜಾಗ, ಅದೇ ಹೊತ್ತು, ಅದೇ ಗಿಟಾರ್ ಎಂದರೆ ಹಾಡುಗಳೂ ಅವೇ. ಬರೆದದ್ದನ್ನೆಲ್ಲ ಸಾಲಾಗಿ ಕೇಳಿದರೆ ಎಲ್ಲ 90 ಬಿಪಿಎಂ (ನಿಮಿಷಕ್ಕೆ ಇಷ್ಟು ಬೀಟ್ ಎಂಬ ವೇಗದ ಲೆಕ್ಕ) ಆಸುಪಾಸು, ಎಲ್ಲ ಒಂದೇ ಶ್ರುತಿ. ಬಿಡಿ ಹಾಡಿಗೆ ಇದು ಲೆಕ್ಕಕ್ಕಿಲ್ಲ. ಆಲ್ಬಮ್‌ಗೆ ದೊಡ್ಡ ಪೆಟ್ಟು.

ಇದಕ್ಕೆ ಮದ್ದಾದದ್ದು ಗಡುವು. ಫೆಬ್ರವರಿ ಆಲ್ಬಮ್ ರೈಟಿಂಗ್ ಮಂತ್ ಎಂಬ ಹಾಡು ಬರೆಯುವ ಸವಾಲು 2004ರಿಂದ ನಡೆದುಬಂದಿದೆ, 28 ದಿನಕ್ಕೆ 14 ಹಾಡು ಅದರ ಗುರಿ. ಆ ಲೆಕ್ಕ ಎರವಲು ತಂದು, ಎರಡು ದಿನಕ್ಕೊಂದರಂತೆ ಬರೆದೆ. ತಿದ್ದಲು ಪುರುಸೊತ್ತಿಲ್ಲ, ಹಾಗಾಗಿ ನಿನ್ನೆಯದಕ್ಕಿಂತ ಬೇರೆ ಥರ ಶುರು ಮಾಡುವುದೇ ಸುಲಭದ ದಾರಿ: ಒಮ್ಮೆ ಬರೀ ಡ್ರಮ್ ಲೂಪ್, ಒಮ್ಮೆ ಬರೀ ಬೇಸ್. ಸಾಹಿತ್ಯ ಕಳಪೆ, ಎರಡನೇ ಚರಣ ಎಂದರೆ ಮೊದಲನೆಯದೇ ಇನ್ನೊಂದು ಅಂಗಿ ತೊಟ್ಟು ಬಂದಂತೆ. ಆದರೆ ಆಲ್ಬಮ್‌ನ ವೇಗದ ಹಾಡುಗಳು ಬಂದದ್ದು ಇಲ್ಲಿಂದಲೇ. ಆಮೇಲೆ ಸಾಹಿತ್ಯವನ್ನು ಕುರ್ಚಿಗೆ ಒಯ್ದು ರಿಪೇರಿ ಮಾಡಬೇಕಾಯಿತು.

ಕೆಲಸ ಮುಂದೆ ಸಾಗದಿದ್ದಾಗ ಒಂದೊಂದಾಗಿ ಎಳೆದು ನೋಡಲೆಂದು ಸಂಗೀತಗಾರ ಬ್ರಯನ್ ಈನೋ ಮತ್ತು ಚಿತ್ರಕಲಾವಿದ ಪೀಟರ್ ಶ್ಮಿಟ್ 1975ರಲ್ಲಿ ಹೊರತಂದ ಸೂಚನಾ ಕಾರ್ಡುಗಳನ್ನೂ ಎಳೆದು ನೋಡಿದೆ. ಅರೇಂಜ್‌ಮೆಂಟ್‌ನಲ್ಲಿ (ವಾದ್ಯಗಳ ಜೋಡಣೆಯಲ್ಲಿ) ಸಿಕ್ಕಿಬಿದ್ದಾಗ ಪರವಾಗಿಲ್ಲ, ಸಾಹಿತ್ಯಕ್ಕೆ ಅಷ್ಟಕ್ಕಷ್ಟೇ.

ನಿಮ್ಮ ಜೊತೆ ಟ್ಯೂನ್ ಮಾಡುವವರು ಬೇರೆ ಇದ್ದರೆ ಈ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಫೋನಿನ ಕೆಲಸ ಅವರದಾಗುತ್ತದೆ, ನೀವು ನೇರ ಕುರ್ಚಿಯಿಂದಲೇ ಶುರು ಮಾಡಬಹುದು. ಟ್ಯೂನ್ ಕಳಿಸುವಾಗ ತಾಳ ತಟ್ಟಿ ಕಳಿಸಲು ಮಾತ್ರ ಹೇಳಿಬಿಡಿ.