ವಂಡರ್‌ಲಾಗೆ ಹೋಗುವವರೇ, ಬಿಡದಿಯಲ್ಲಿ ಅಗ್ಗದ ರೂಮ್ ಬುಕ್ ಮಾಡುವ ಮುಂಚೆ ಇದನ್ನು ಓದಿ

ಮಕ್ಕಳನ್ನು, ಮನೆಯ ಹಿರಿಯರನ್ನು ಕರೆದುಕೊಂಡು ವಂಡರ್‌ಲಾಗೆ ಹೋಗುವ ಪ್ಲಾನ್ ಇದ್ದರೆ ದಯವಿಟ್ಟು ಪೂರ್ತಿ ಓದಿ. ಇದನ್ನೆಲ್ಲ ಬರೆಯೋಕೆ ನನಗೆ ನಾಚಿಕೆ ಆಗುತ್ತದೆ. ಆದರೂ ಬರೆಯುತ್ತಿದ್ದೇನೆ, ಯಾಕಂದ್ರೆ ಸುಮ್ನೆ ಇದ್ದರೆ ಕ್ರಿಸ್‌ಮಸ್ ರಜೆಗೆ ಇನ್ಯಾರೋ ಮಕ್ಕಳನ್ನು ಕಟ್ಟಿಕೊಂಡು ಹೋಗಿ ಅದೇ ರಿಸೆಪ್ಷನ್ ಮುಂದೆ ನಿಲ್ಲುತ್ತಾರೆ.

ಮೊದಲೇ ಹೇಳಿಬಿಡುತ್ತೇನೆ, ಪಾರ್ಕಿನ ಬಗ್ಗೆ ನನಗೆ ಒಂದೇ ಒಂದು ದೂರಿಲ್ಲ. ಮಕ್ಕಳು ತುಂಬಾ ಖುಷಿಪಟ್ಟರು. ನನ್ನ ಸಿಟ್ಟೆಲ್ಲ ನಾವು ಉಳಿದುಕೊಂಡ ಜಾಗದ ಮೇಲೆ.

ನಾವು ದಾವಣಗೆರೆಯವರು. ದಸರಾ ರಜೆಗೆ ಮೊದಲು ವಂಡರ್‌ಲಾ, ಆಮೇಲೆ ಮೈಸೂರಿಗೆ ಹೋಗಿ ಲೈಟಿಂಗ್ ನೋಡುವುದು ಅಂತ ಪ್ಲಾನ್. ನಾನು, ನಮ್ಮ ಮನೆಯವರು, ಇಬ್ಬರು ಮಕ್ಕಳು, ಅತ್ತೆ. ಪಾರ್ಕಿನವರದ್ದೇ ರೆಸಾರ್ಟ್ ಅಲ್ಲೇ ಪಕ್ಕದಲ್ಲಿದೆ, ಆದರೆ ಟಿಕೆಟ್, ರೈಲು, ಊಟ ಎಲ್ಲ ಸೇರಿಸಿದರೆ ನಮ್ಮ ಬಜೆಟ್ಟಿಗೆ ಆಗುತ್ತಿರಲಿಲ್ಲ. ಅದಕ್ಕೇ ಒಂದು ಬುಕಿಂಗ್ ಆ್ಯಪ್‌ನಲ್ಲಿ ಹುಡುಕಿದೆವು. 'ಫ್ಯಾಮಿಲಿ ರೂಮ್, 5 ಜನ, ವಂಡರ್‌ಲಾದಿಂದ 2 ಕಿ.ಮೀ., 24 ಗಂಟೆ ಬಿಸಿನೀರು' ಅಂತ ಇತ್ತು. ಒಂದು ರಾತ್ರಿಗೆ 1,899 ರೂಪಾಯಿ. ಮೂವರು ದೊಡ್ಡವರು, ಇಬ್ಬರು ಮಕ್ಕಳು ಅಂತ ಹಾಕಿ, ಮಕ್ಕಳ ವಯಸ್ಸು 6 ಮತ್ತು 9 ಅಂತಲೂ ತುಂಬಿದ ಮೇಲೆ ಬಂದ ರೇಟ್ ಅದು. ಎರಡು ರಾತ್ರಿಗೆ 3,798 ಪೂರ್ತಿ ಆನ್‌ಲೈನ್‌ನಲ್ಲೇ ಕಟ್ಟಿದೆವು. ಕನ್ಫರ್ಮೇಶನ್ ಮೆಸೇಜ್ ಬಂತು, ಅದರಲ್ಲೂ 5 ಜನ ಅಂತಲೇ ಇದೆ. ಇದನ್ನು ನೆನಪಿಟ್ಟುಕೊಳ್ಳಿ, 5 ಜನ ಅಂತಲೇ ಇದೆ.

ರೈಲು ಲೇಟಾಯಿತು. ಮೈಸೂರು ಕಡೆಯ ನಾನ್‌ಸ್ಟಾಪ್ ಬಸ್ಸುಗಳು ಈಗ ಎಕ್ಸ್‌ಪ್ರೆಸ್‌ವೇ ಹಿಡಿದು ಹೋಗುತ್ತವೆ, ಬಿಡದಿ ಊರೊಳಗೆ ಬರುವುದಿಲ್ಲ. ಹಾಗಾಗಿ ಮೆಜೆಸ್ಟಿಕ್‌ನಿಂದ ಕ್ಯಾಬ್ ಮಾಡಿದೆವು. ಮುಟ್ಟುವಾಗ ರಾತ್ರಿ ಒಂಬತ್ತು ದಾಟಿತ್ತು. ಜಾಗ ಇದ್ದದ್ದು ಹೆದ್ದಾರಿಯ ಆಚೆ ಬದಿ, ಇಂಡಸ್ಟ್ರಿಯಲ್ ಏರಿಯಾ ಕಡೆ. ಅಕ್ಕಪಕ್ಕ ಗೋಡೌನು, ರಸ್ತೆ ಉದ್ದಕ್ಕೂ ಲಾರಿ ನಿಂತಿದ್ದವು. ಹೊಟ್ಟೆಯಲ್ಲಿ ಒಂದು ಥರಾ ಆಯಿತು, ಆದರೆ ಕ್ಯಾಬ್‌ನವನು ಲಗೇಜ್ ಇಳಿಸಿ ಹೊರಟುಹೋಗಿದ್ದ.

ರಿಸೆಪ್ಷನ್‌ನಲ್ಲಿದ್ದ ಹುಡುಗ ಮೊದಲು ಕೇಳಿದ್ದೇ ಆಧಾರ್. ಝೆರಾಕ್ಸ್ ಕೊಟ್ಟರೆ ಬೇಡ ಅಂದ. 'ಒರಿಜಿನಲ್ ಕೊಡಿ ಮೇಡಂ, ಎಂಟ್ರಿ ಮಾಡಿ ಕೊಡ್ತೀನಿ.' ನಮ್ಮ ಮನೆಯವರು ತಮ್ಮದು, ಅತ್ತೆಯದು ಎರಡೂ ಕೊಟ್ಟರು. ಅವನು ರಿಜಿಸ್ಟರ್‌ನಲ್ಲಿ ಏನೋ ಬರೆದು, ಕಾರ್ಡ್ ಎರಡನ್ನೂ ಡ್ರಾಯರ್‌ಗೆ ಹಾಕಿ ಬೀಗ ಹಾಕಿದ. ಆಮೇಲೆ, ಕಾರ್ಡು ಒಳಗೆ ಹೋದ ಮೇಲೆ, ಮಕ್ಕಳ ಕಡೆ ನೋಡಿ 'ಎಷ್ಟು ವಯಸ್ಸು?' ಅಂತ ಕೇಳಿದ.

ನಾನು ಹೇಳಿದೆ. 'ಐದು ವರ್ಷದ ಮೇಲೆ ಅಡಲ್ಟ್ ಚಾರ್ಜ್ ಮೇಡಂ, ಒಬ್ಬೊಬ್ಬರಿಗೆ 500. ಅಜ್ಜಿಗೆ ಎಕ್ಸ್‌ಟ್ರಾ ಬೆಡ್ 600. ಎರಡು ನೈಟ್. ಮೇಲೆ ಜಿಎಸ್‌ಟಿ 18 ಪರ್ಸೆಂಟ್.' ಮೊಬೈಲ್‌ನ ಕ್ಯಾಲ್ಕುಲೇಟರ್‌ನಲ್ಲಿ ಟಕಟಕ ಒತ್ತಿ ನಮ್ಮ ಕಡೆ ತಿರುಗಿಸಿದ. 3,776. ನಾವು ಆಗಲೇ ಕಟ್ಟಿದ್ದು 3,798. ಅಂದರೆ ರೂಮಿನ ಬಾಡಿಗೆಯಷ್ಟೇ ಇನ್ನೊಂದು ಸಲ ಕೊಡಬೇಕು!

ಬುಕಿಂಗ್ ತೋರಿಸಿದೆವು. 5 ಜನ ಅಂತ ಬರೆದಿದ್ದನ್ನು ಬೆರಳಿಟ್ಟು ತೋರಿಸಿದೆವು. 'ಅದು ಆ್ಯಪ್‌ನವರು ಹಾಕಿರೋದು ಮೇಡಂ, ನಮಗೆ ಸಂಬಂಧ ಇಲ್ಲ.' ಆ್ಯಪ್‌ಗೆ ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ, ಮ್ಯೂಸಿಕ್. ಓನರ್ ನಂಬರ್ ಕೊಡಪ್ಪಾ ಅಂದರೆ 'ಅವರು ಮಲಗಿರ್ತಾರೆ.' ಒಂಬತ್ತೂವರೆಗೆ!

ನಮ್ಮ ಮನೆಯವರು ಹಾಗಾದರೆ ಜಿಎಸ್‌ಟಿ ನಂಬರ್ ಇರುವ ಬಿಲ್ ಕೊಡಿ, ಕಟ್ಟುತ್ತೇವೆ ಅಂದರು. ಇಲ್ಲಿ ಆಯಿತು ನೋಡಿ ನನಗೆ ಮೈಯೆಲ್ಲ ಉರಿದಿದ್ದು. ಅವನು ಒಂದು ಕ್ಷಣ ಸುಮ್ಮನಿದ್ದ. ಆಮೇಲೆ ತಣ್ಣಗೆ ಹೇಳಿದ: 'ಬಿಲ್ ಬುಕ್ ಓನರ್ ಹತ್ರ ಇದೆ. ಹೋಗ್ಲಿ ಬಿಡಿ ಸಾರ್, ಜಿಎಸ್‌ಟಿ ಬೇಡ, ರೌಂಡ್ ಮಾಡಿ 3,000 ಕೊಟ್ಬಿಡಿ.' ಬಿಲ್ ಕೇಳಿದ ತಕ್ಷಣ ಟ್ಯಾಕ್ಸೇ ಮಾಯ! ಸರ್ಕಾರದ ತೆರಿಗೆ ಇವನು ಬೇಡ ಅಂದರೆ ಬೇಡ ಆಗುತ್ತದಾ? 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ 18 ಇಲ್ಲವೇ ಇಲ್ಲ. ಮುಂಚೆ ಶೇ 12 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ 5 ಆಗಿದೆ. ಅಂಥ ರೂಮಿಗೆ ಇವನು 18 ಅಂತಾನೆ, ಅದೂ ಬಾಯಿಗೆ ಬಂದ ಹಾಗೆ. ಅವನು ಮುಂದಿಟ್ಟ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಬಂದದ್ದು ಲಾಡ್ಜಿನ ಹೆಸರೂ ಅಲ್ಲ, ಯಾವನೋ ಒಬ್ಬನ ಹೆಸರು.

ಅಷ್ಟು ಹೊತ್ತಿಗೆ ಚಿಕ್ಕವಳು ಸೂಟ್‌ಕೇಸ್ ಮೇಲೆ ತಲೆ ಇಟ್ಟು ಮಲಗಿಬಿಟ್ಟಿದ್ದಳು. ಅತ್ತೆ ಮಂಡಿನೋವಿನವರು, ಗೋಡೆ ಹಿಡಿದು ನಿಂತಿದ್ದರು, ಕೂರೋಕೆ ಒಂದು ಕುರ್ಚಿ ಸಹ ಕೊಡಲಿಲ್ಲ. 'ಹೋಗ್ಲಿ ಬಿಡವ್ವಾ, ಕೊಟ್ಟು ಒಳಗೆ ಹೋಗಾನ, ಹುಡುಗ್ರು ನಿಂತ್ಕಂಡೇ ನಿದ್ದಿ ಮಾಡ್ತದಾವೆ' ಅಂದರು. ಕೊಟ್ಟೆವು. 3,000 ಕೊಟ್ಟೆವು. ಬಿಲ್ ಇಲ್ಲ, ಚೀಟಿ ಇಲ್ಲ. ಆಧಾರ್ ಮಾತ್ರ ವಾಪಸ್ ಬರಲಿಲ್ಲ, 'ಚೆಕ್‌ಔಟ್‌ನಲ್ಲಿ ತಗೊಳ್ಳಿ.'

ನಾನು ಆಮೇಲೆ ಎಷ್ಟು ಯೋಚಿಸಿದರೂ ಇದೇ ಹೊಳೆಯುತ್ತದೆ. ಅವರು ಕಡಿಮೆ ರೇಟ್ ಹಾಕುವುದು ನಮ್ಮಂಥ ಫ್ಯಾಮಿಲಿಗಳಿಗೇ. ಹುಡುಗರು ನಾಲ್ಕು ಜನ ಬೈಕಿನಲ್ಲಿ ಬಂದರೆ ಜಗಳ ಆಡಿ ಬೇರೆ ಕಡೆ ಹೋಗುತ್ತಾರೆ. ಮಕ್ಕಳು, ಲಗೇಜು, ವಯಸ್ಸಾದವರು ಜೊತೆಗಿದ್ದರೆ ರಾತ್ರಿ ಎಲ್ಲಿಗೂ ಹೋಗಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು. ಆ್ಯಪ್‌ನಲ್ಲಿ ಕಾಣುವುದು ಗಾಳಕ್ಕೆ ಸಿಕ್ಕಿಸಿದ ಹುಳ ಅಷ್ಟೇ, ನಿಜವಾದ ರೇಟ್ ಹೇಳುವುದು ಆಧಾರ್ ಡ್ರಾಯರ್‌ಗೆ ಹೋದ ಮೇಲೆ.

ರೂಮ್ ಬಗ್ಗೆ ಏನು ಹೇಳಲಿ. ಫೋಟೋದಲ್ಲಿದ್ದ ರೂಮೇ ಅಲ್ಲ. 'ಅದು ಸ್ಯಾಂಪಲ್ ಫೋಟೋ ಮೇಡಂ' ಅಂದ. 600 ಕೊಟ್ಟ ಎಕ್ಸ್‌ಟ್ರಾ ಬೆಡ್ ಅಂದರೆ ಮಧ್ಯೆ ಗುಂಡಿ ಬಿದ್ದ ಒಂದು ತೆಳ್ಳನೆ ಹಾಸಿಗೆ, ನೆಲದ ಮೇಲೆ ಹಾಕಿ ಹೋದರು. ಮಂಡಿನೋವಿನ ಅತ್ತೆಯನ್ನು ನೆಲದ ಮೇಲೆ ಮಲಗಿಸೋಕಾಗುತ್ತದಾ? ಅವರಿಗೆ ಮಂಚ ಬಿಟ್ಟುಕೊಟ್ಟು ನಮ್ಮ ಮನೆಯವರು ಅದರ ಮೇಲೆ ಮಲಗಿದರು. ಬಾತ್‌ರೂಮಿನಲ್ಲಿ ಗೀಸರ್ ಇತ್ತು, ಆದರೆ ಸ್ವಿಚ್ ಮೇಲೆ ಕಂದು ಬಣ್ಣದ ಟೇಪ್ ಅಂಟಿಸಿದ್ದರು. ಕೇಳಿದರೆ ಬೆಳಿಗ್ಗೆ 6ರಿಂದ 7ರವರೆಗೆ ಕೆಳಗಿನಿಂದ ಬಿಸಿನೀರು ಬಿಡ್ತೀವಿ, ಬಕೆಟ್ ಹಿಡಿದುಕೊಳ್ಳಿ ಅಂತ ಉತ್ತರ. 24 ಗಂಟೆ ಅಂತ ಹಾಕಿದ್ದೀರಲ್ಲಪ್ಪಾ ಅಂದರೆ 'ರಜೆ ಸೀಸನ್ ಮೇಡಂ, ಅಡ್ಜಸ್ಟ್ ಮಾಡ್ಕೊಳ್ಳಿ.' ಈ 'ಅಡ್ಜಸ್ಟ್ ಮಾಡ್ಕೊಳ್ಳಿ' ಅನ್ನುವ ಮಾತನ್ನು ಅವನ ಬಾಯಲ್ಲಿ ಎಷ್ಟು ಸಲ ಕೇಳಿದೆನೋ ಲೆಕ್ಕ ಇಲ್ಲ.

ಬೆಳಿಗ್ಗೆ ಗೊತ್ತಾಯಿತು 2 ಕಿ.ಮೀ. ಕಥೆ. ಅದು ಮ್ಯಾಪಿನಲ್ಲಿ ನೆಟ್ಟಗೆ ಗೆರೆ ಎಳೆದರೆ ಬರುವ ದೂರ. ಎಕ್ಸ್‌ಪ್ರೆಸ್‌ವೇಗೆ ಎರಡೂ ಕಡೆ ಬೇಲಿ ಇದೆ, ಹಾಗೆಲ್ಲ ದಾಟೋಕಾಗಲ್ಲ. 2023ರ ಆಗಸ್ಟ್‌ನಿಂದ ಆಟೋಗಳನ್ನು ಮೇನ್ ರೋಡಿಗೆ ಬಿಡುವುದೂ ಇಲ್ಲ. ಸರ್ವಿಸ್ ರೋಡ್‌ನಲ್ಲೇ ಹೋಗಿ, ಅಂಡರ್‌ಪಾಸ್ ಹುಡುಕಿ ಆಚೆ ದಾಟಿ, ಮತ್ತೆ ವಾಪಸ್ ಬರಬೇಕು. ಏಳು ಕಿ.ಮೀ. ಚಿಲ್ಲರೆ ಆಯಿತು. ಆಟೋದವರು 350 ತೆಗೆದುಕೊಂಡರು, ಅವರನ್ನು ನಾನು ಬೈಯಲ್ಲ, ಅಷ್ಟು ಸುತ್ತು ಇದೆ. ಹೋಗೋಕೆ 350, ಬರೋಕೆ 350. ಹತ್ತಿರ ಅಂತ ತಾನೇ ನಾವು ಅಲ್ಲಿ ಬುಕ್ ಮಾಡಿದ್ದು?

ಪಾರ್ಕಿನಲ್ಲಿ ಎತ್ತರ ನೋಡಿ ಮಕ್ಕಳ ಟಿಕೆಟ್ ಕೊಟ್ಟರು. ಮೊದಲೇ ವೆಬ್‌ಸೈಟ್‌ನಲ್ಲಿ ಏನು ಹಾಕಿದ್ದರೋ ಅದೇ. ಇಬ್ಬರಿಗೂ ಮಕ್ಕಳ ಟಿಕೆಟ್ಟೇ ಆಯಿತು. ಲಾಡ್ಜಿನವನ ಲೆಕ್ಕದಲ್ಲಿ ಮಾತ್ರ ನನ್ನ ಆರು ವರ್ಷದ ಮಗಳು ಅಡಲ್ಟ್.

ಇನ್ನು ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾದ ವಿಷಯ. ಸಂಜೆವರೆಗೂ ನೀರಲ್ಲಿ ಆಡಿ, ಮಕ್ಕಳು ಚಳಿಗೆ ನಡುಗುತ್ತಾ, ಒದ್ದೆ ಬಟ್ಟೆಯ ಚೀಲ ಹೊತ್ತುಕೊಂಡು ವಾಪಸ್ ಬಂದರೆ ನಮ್ಮ ಲಗೇಜ್ ರಿಸೆಪ್ಷನ್ ಪಕ್ಕ, ಮೆಟ್ಟಿಲ ಕೆಳಗೆ ಬಿದ್ದಿತ್ತು. 'ರೂಮ್ ಚೇಂಜ್ ಮಾಡಿದೀವಿ ಮೇಡಂ, ಒಂದು ಗ್ರೂಪ್ ಬಂತು, ನಿಮಗೆ ಕೆಳಗಡೆ ರೂಮ್.' ನಮಗೆ ಒಂದು ಫೋನ್ ಇಲ್ಲ, ಮೆಸೇಜ್ ಇಲ್ಲ. ಬೀಗ ತೆಗೆದು ಒಳಗೆ ಹೋಗಿ, ಕಿಟಕಿಯ ಹತ್ತಿರ ನಾನು ಒಣಗೋಕೆ ಹಾಕಿದ್ದ ಬಟ್ಟೆ, ಅತ್ತೆಯ ಸೀರೆ, ನನ್ನ ಒಳಬಟ್ಟೆ, ಎಲ್ಲವನ್ನೂ ಯಾರೋ ಹುಡುಗರು ಕೈಯಲ್ಲಿ ಮುಟ್ಟಿ ಒಂದು ಪ್ಲಾಸ್ಟಿಕ್ ಕವರ್‌ಗೆ ತುರುಕಿದ್ದರು. ಆ ಕವರ್ ಪಾರದರ್ಶಕ. ರಿಸೆಪ್ಷನ್‌ನಲ್ಲಿ ಬಂದು ಹೋಗುವವರಿಗೆಲ್ಲ ಕಾಣುವ ಹಾಗೆ ಇಟ್ಟಿದ್ದರು. ನನಗೆ ಮಾತೇ ಹೊರಡಲಿಲ್ಲ. ಅತ್ತೆ ತಮ್ಮ ಸೆರಗನ್ನೇ ಅದರ ಮೇಲೆ ಹಿಡಿದು ಮುಚ್ಚಿದರು.

ಕಿಟಕಿ ಕಟ್ಟೆ ಮೇಲೆ ಇಟ್ಟಿದ್ದ ಅತ್ತೆಯ ಬಿಪಿ ಮಾತ್ರೆ ಅದರಲ್ಲಿ ಇರಲಿಲ್ಲ. ಕೇಳಿದರೆ 'ಎಲ್ಲಾ ಇದೆ, ಸರಿಯಾಗಿ ನೋಡ್ಕೊಳ್ಳಿ, ನಮ್ಮ ಹುಡುಗರು ಕಳ್ಳರಲ್ಲ.' ಮಾತ್ರೆ ಯಾರು ಕದಿಯುತ್ತಾರೆ ಅಂತ ನಾನು ಹೇಳಿದೆನಾ? ಕಸದ ಜೊತೆ ಗುಡಿಸಿ ಎಸೆದಿದ್ದಾರೆ, ಅಷ್ಟೇ.

ಆಗ ಓನರ್ ಎದ್ದಿದ್ದರು ಅನ್ನಿಸುತ್ತದೆ, ಫೋನಿಗೆ ಸಿಕ್ಕಿದರು. ನಾನು ಅಳುತ್ತಾ ಹೇಳುತ್ತಿದ್ದೇನೆ, ಅವರು ಹೇಳಿದ ಒಂದೇ ಮಾತು: 'ಮೇಡಂ, 1,900 ರೂಪಾಯಿಗೆ ಫೈವ್‌ಸ್ಟಾರ್ ಕೊಡೋಕಾಗುತ್ತಾ? ರೇಟಿಗೆ ತಕ್ಕ ಹಾಗೆ ಇರುತ್ತೆ.' ಫೈವ್‌ಸ್ಟಾರ್ ಯಾರು ಕೇಳಿದರು ಸ್ವಾಮಿ? ನೀವೇ ಬರೆದ ಬಿಸಿನೀರು ಕೇಳಿದೆ. ನೀವೇ ಬರೆದ 5 ಜನರಿಗೆ ಜಾಗ ಕೇಳಿದೆ. ನಮ್ಮ ಬಟ್ಟೆ ಮುಟ್ಟಬೇಡಿ ಅಂದೆ. ಕಡಿಮೆ ದುಡ್ಡು ಕೊಡುವವರಿಗೆ ಮರ್ಯಾದೆ ಬೇಡವಾ? ಕಡಿಮೆಯೂ ಅಲ್ಲ, ಎಲ್ಲ ಸೇರಿ 6,798 ಕೊಟ್ಟಿದ್ದೇವೆ.

ಆ ರಾತ್ರಿ ಅಲ್ಲಿ ಇರೋಕೆ ನನಗೆ ಸಾಧ್ಯವೇ ಇರಲಿಲ್ಲ. ಆಧಾರ್ ಕೊಡಿ ಅಂದರೆ ಸಹಿ ಹಾಕಿ ಅಂತ ಒಂದು ಹಾಳೆ ಮುಂದಿಟ್ಟರು. 'ನನ್ನ ಸ್ವಂತ ಇಚ್ಛೆಯಿಂದ ರೂಮ್ ಖಾಲಿ ಮಾಡುತ್ತಿದ್ದೇನೆ' ಅಂತ ಬರೆದಿತ್ತು. ನಮ್ಮ ಮನೆಯವರು ಸಹಿ ಮಾಡಲ್ಲ, ಪೊಲೀಸ್‌ಗೆ ಫೋನ್ ಮಾಡುತ್ತೇನೆ ಅಂತ 112 ಒತ್ತಿ ತೋರಿಸಿದ ಮೇಲೆ ಡ್ರಾಯರ್ ತೆರೆಯಿತು. ಅಲ್ಲಿಂದ ಕೆಂಗೇರಿಗೆ ಹೋದೆವು. ಮೆಟ್ರೋ ಹತ್ತಿರದ ಒಂದು ಸಾಧಾರಣ ಲಾಡ್ಜು, ಐವರಿಗೂ ಸೇರಿ 2,200. ಬಿಲ್ ಕೊಟ್ಟರು, ಕೇಳದೇ ಬಿಸಿನೀರು ಬಂತು, ಆಧಾರ್ ನೋಡಿ ಕೈಗೇ ವಾಪಸ್ ಕೊಟ್ಟರು. ಅಷ್ಟೇ ನಮಗೆ ಬೇಕಾಗಿದ್ದದ್ದು.

ಆ್ಯಪ್‌ನವರಿಗೆ ದೂರು ಕೊಟ್ಟರೆ ಅವರು ಲಾಡ್ಜಿನವರನ್ನೇ ಕೇಳಿ ನಮಗೆ ಹೇಳುತ್ತಾರೆ: 'ಅತಿಥಿ ಸ್ವಇಚ್ಛೆಯಿಂದ ಹೊರಟಿದ್ದಾರೆ ಎಂದು ಪ್ರಾಪರ್ಟಿಯವರು ತಿಳಿಸಿದ್ದಾರೆ, ರಿಫಂಡ್ ಸಾಧ್ಯವಿಲ್ಲ.' ಸಹಿ ಮಾಡದೇ ಇದ್ದರೂ ಅದೇ ಮಾತು! ರಿಸೆಪ್ಷನ್‌ನಲ್ಲಿ ಕೊಟ್ಟ 3,000ಕ್ಕೆ ರಸೀದಿ ಕೇಳಿದರು. ರಸೀದಿ ಕೊಡಲಿಲ್ಲ ಅನ್ನುವುದೇ ನಮ್ಮ ದೂರು. ಕೊನೆಗೆ ಮುಂದಿನ ಬುಕಿಂಗ್‌ಗೆ ಅಂತ 200 ರೂಪಾಯಿ ಕೂಪನ್ ಕಳಿಸಿದರು. ನಾನು ಹಾಕಿದ ರಿವ್ಯೂ ಕೆಳಗೆ ಲಾಡ್ಜಿನವರ ಉತ್ತರ ನೋಡಿ: 'ಗೆಸ್ಟ್ ಸಿಬ್ಬಂದಿ ಜೊತೆ ಒರಟಾಗಿ ನಡೆದುಕೊಂಡರು, ಹೆಚ್ಚುವರಿ ಜನರನ್ನು ಕರೆತಂದರು.' ಹೆಚ್ಚುವರಿ ಜನ! ನನ್ನ ಅತ್ತೆ, ನನ್ನ ಮಕ್ಕಳು!

ನೀವು ಹೋಗುವುದಾದರೆ ಬುಕ್ ಮಾಡುವ ಮುಂಚೆ ಲಾಡ್ಜಿಗೇ ಫೋನ್ ಮಾಡಿ, ಮಕ್ಕಳ ವಯಸ್ಸು ಹೇಳಿ, ಎಲ್ಲ ಸೇರಿ ಒಟ್ಟು ಎಷ್ಟು ಅಂತ ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಬರೆದು ಕೊಡಲ್ಲ ಅಂದರೆ ಆ ಕಡೆ ತಿರುಗಿಯೂ ನೋಡಬೇಡಿ. 'ಅಲ್ಲೇ ಹೋಗಿ ದುಡ್ಡು ಕೊಡುವುದು' ಅನ್ನುವ ಆಯ್ಕೆ ಇದ್ದರೆ ಅದನ್ನೇ ಹಾಕಿ. ದೂರವನ್ನು ಮ್ಯಾಪ್‌ನಲ್ಲಿ ರಸ್ತೆ ಹಾಕಿ ನೋಡಿ, ಹೆದ್ದಾರಿಯ ಯಾವ ಬದಿ ಅಂತ ನೋಡಿ. ಒರಿಜಿನಲ್ ಆಧಾರ್ ಯಾರ ಡ್ರಾಯರ್‌ಗೂ ಹಾಕಬೇಡಿ. ಪಾರ್ಕ್ ತೆರೆಯುವುದೇ ಸಾಮಾನ್ಯವಾಗಿ 11ರ ಸುಮಾರಿಗೆ, ಹಾಗಾಗಿ ಪಕ್ಕದಲ್ಲೇ ಇರಬೇಕು ಅಂತೇನಿಲ್ಲ, ಕೆಂಗೇರಿ ಕಡೆ ಉಳಿದುಕೊಂಡು ಬೆಳಿಗ್ಗೆ ತಿಂಡಿ ತಿಂದು ಹೊರಟರೂ ಆಗುತ್ತದೆ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ, ಕನ್ನಡದಲ್ಲೇ ಮಾತಾಡಬಹುದು. ಡಾಕೆಟ್ ನಂಬರ್ ಬಂದಿದೆ. ಫೋಟೋ, ಕನ್ಫರ್ಮೇಶನ್, ಯುಪಿಐ ಸ್ಕ್ರೀನ್‌ಶಾಟ್ ಎಲ್ಲ ಕಳಿಸಿದ್ದೇವೆ. ಅದರಲ್ಲಿ ಆಗದಿದ್ದರೆ ಗ್ರಾಹಕ ಆಯೋಗಕ್ಕೇ ಹಾಕುವುದು ಅಂತ ನಮ್ಮ ಮನೆಯವರು ಹೇಳಿದ್ದಾರೆ. ಬಿಡದಿ ಕಡೆ ನಿಮಗೂ ಇದೇ ಥರ ಎಕ್ಸ್‌ಟ್ರಾ ದುಡ್ಡು ಕಿತ್ತುಕೊಂಡಿದ್ದರೆ ದಯವಿಟ್ಟು ನೀವೂ ದೂರು ಕೊಡಿ, ನಾನೊಬ್ಬಳೇ ಹೇಳಿದರೆ ಒರಟು ಗೆಸ್ಟ್ ಅಂದುಬಿಡುತ್ತಾರೆ.