ದೊಡ್ಡ ಟಯರ್ ಹಾಕಿದ ಪಿಕಪ್ಪಿಗೆ ಬೈಕಂಪಾಡಿಯಲ್ಲಿ ಕ್ರೌನ್-ಪಿನಿಯನ್ ಬದಲಿಸಿದ್ದು

ಹೆಬ್ರಿ ಹತ್ತಿರ ನಮ್ಮದೊಂದು ನರ್ಸರಿ ಉಂಟು. ಅಡಿಕೆ ಸಸಿ, ಕಾಳುಮೆಣಸಿನ ಬಳ್ಳಿ ತುಂಬಿಕೊಂಡು ವಾರಕ್ಕೆರಡು ಸಲ ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿಗೆ ಹೋಗುವವಳು ನಾನೇ. ಗಾಡಿ ಹಳೆಯ ಫೋರ್-ವೀಲ್ ಡ್ರೈವ್ ಪಿಕಪ್. ಮಳೆಗಾಲದಲ್ಲಿ ತೋಟದ ದಾರಿಯ ಕೆಸರಿನಲ್ಲಿ ಹಿಂದಿನ ಹೌಸಿಂಗ್ (ಎರಡು ಚಕ್ರಗಳ ನಡುವೆ ಕ್ರೌನ್-ಪಿನಿಯನ್ ಹಲ್ಲುಚಕ್ರಗಳು ಕೂತಿರುವ ದಪ್ಪ ಪೆಟ್ಟಿಗೆ) ನೆಲಕ್ಕೆ ತಾಗಿ ಗಾಡಿ ಕೂತುಬಿಡುತ್ತಿತ್ತು. ಹಾಗಾಗಿ ಕಳೆದ ವರ್ಷ 215/75 ಆರ್15 ಟಯರ್ ತೆಗೆಸಿ 31 ಇಂಚಿನದ್ದು ಹಾಕಿಸಿದೆ. ಹೌಸಿಂಗ್ 4 ಸೆಂ.ಮೀ. ಮೇಲೆ ಬಂತು, ಕೆಸರಿನ ತಾಪತ್ರಯ ಮುಗಿಯಿತು. ಟಯರ್ ಮಾರಿದವರು ಗೇರಿನ ವಿಷಯ ಮಾತ್ರ ಎತ್ತಲೇ ಇಲ್ಲ.

ಘಾಟಿ ಹತ್ತುವಾಗ ಗೊತ್ತಾಯಿತು. ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಈಗ ಒಂದನೇ ಗೇರೇ ಬೇಕು. ಒಂದು ದಿನ ಒಂಬತ್ತನೇ ತಿರುವಿನಲ್ಲಿ ಎದುರಿಂದ ಮಿನಿ ಬಸ್ಸು ಬಂತೆಂದು ಲೋಡ್ ಸಮೇತ ನಿಲ್ಲಿಸಿದೆ. ಮತ್ತೆ ಹೊರಡಿಸುವಷ್ಟರಲ್ಲಿ ಕ್ಲಚ್ ಸುಟ್ಟ ವಾಸನೆ ಕ್ಯಾಬಿನ್ ತುಂಬಾ. ಆ ದಿನ ನಿಜವಾಗಿ ಹೆದರಿದೆ.

ಊರಿನಲ್ಲಿ ಇಬ್ಬರು ಕ್ಲಚ್ ಪ್ಲೇಟ್ ಬದಲಿಸಿ ಎಂದರು. ಪರಿಚಯದ ಲಾರಿ ಚಾಲಕರೊಬ್ಬರು ಮಂಗಳೂರಿನ ಬೈಕಂಪಾಡಿಯ ಒಂದು ಗ್ಯಾರೇಜಿನ ದಾರಿ ಹೇಳಿದರು. ಬೋರ್ಡಿಲ್ಲದ ಶೆಡ್ಡು, ಹೌಸಿಂಗ್ ಮತ್ತು ಗೇರ್ ಬಾಕ್ಸ್ ಕೆಲಸ ಮಾತ್ರ ಮಾಡುತ್ತಾರೆ.

ಮೇಸ್ತ್ರಿ ದುಡ್ಡಿನ ಮಾತಿಗೆ ಮೊದಲು ಗಾಡಿಯ ಹಿಂಭಾಗ ಜಾಕಿ ಮೇಲೆ ಎತ್ತಿದರು. ಗೇರ್ ಬಾಕ್ಸಿನಿಂದ ಹೌಸಿಂಗಿಗೆ ಬಲ ತರುವ ಪ್ರೊಪೆಲ್ಲರ್ ಶಾಫ್ಟಿಗೂ ಟಯರಿಗೂ ಚಾಕ್‌ಪೀಸಿನಲ್ಲಿ ಗೆರೆ ಎಳೆದು, ಎರಡೂ ಚಕ್ರ ಒಟ್ಟಿಗೆ ಹತ್ತು ಸುತ್ತು ತಿರುಗಿಸಲು ಹುಡುಗರಿಗೆ ಹೇಳಿ, ತಾವು ಅಡಿಗೆ ಮಲಗಿ ಶಾಫ್ಟಿನ ಸುತ್ತು ಎಣಿಸಿದರು. 37 ಸುತ್ತು, ಮೇಲೊಂದು ಕಾಲು. "ಅಕ್ಕ, ಇದು 3.73. ಕ್ರೌನಿಗೆ 41 ಹಲ್ಲು, ಪಿನಿಯನ್ನಿಗೆ 11 ಇರಬೇಕು" ಎಂದರು. ಪಿನಿಯನ್ ಎಂದರೆ ಶಾಫ್ಟಿನ ತುದಿಯ ಸಣ್ಣ ಹಲ್ಲುಚಕ್ರ, ಕ್ರೌನ್ ಅದು ತಿರುಗಿಸುವ ದೊಡ್ಡದು; ಚಕ್ರ ಒಂದು ಸುತ್ತು ಬರಲು ಶಾಫ್ಟ್ 3.73 ಸುತ್ತು ತಿರುಗಬೇಕು ಎಂದರ್ಥ. ಬಿಚ್ಚಿದಾಗ ಅಷ್ಟೇ ಇತ್ತು.

ಆಮೇಲೆ ಗೋಡೆಯ ಮೇಲೆಯೇ ಲೆಕ್ಕ ಬರೆದರು. ಹಳೆಯ ಟಯರಿನ ವ್ಯಾಸ 703 ಮಿ.ಮೀ., ಹೊಸದು 787. ಅಂದರೆ ಸುಮಾರು 12 ಶೇಕಡಾ ದೊಡ್ಡದು. ಟಯರ್ ಅಷ್ಟು ದೊಡ್ಡದಾದರೆ ರಸ್ತೆಗೆ ಸಿಗುವ ಎಳೆತ ನೂರಕ್ಕೆ 89ಕ್ಕೆ ಇಳಿಯುತ್ತದೆ. ನಾಲ್ಕನೇ ಗೇರಿನಲ್ಲಿ 60ರ ವೇಗಕ್ಕೆ ನಿಮಿಷಕ್ಕೆ 1690 ಸುತ್ತು ತಿರುಗುತ್ತಿದ್ದ ಇಂಜಿನ್ ಈಗ 1510ರಲ್ಲೇ ಏದುಸಿರು ಬಿಡುತ್ತಿದೆ. ಮೊದಲಿನ ಎಳೆತ ವಾಪಸು ಬೇಕಾದರೆ 3.73ನ್ನು 1.12ರಿಂದ ಗುಣಿಸಬೇಕು, ಸುಮಾರು 4.18 ಬರುತ್ತದೆ. ಸಿಗುವ ಸೆಟ್ಟುಗಳಲ್ಲಿ ಅದಕ್ಕೆ ಹತ್ತಿರದ್ದು 41-10ರದ್ದು, ಅಂದರೆ 4.10.

ಲೋಡ್ ಹೊರುವ ಗಾಡಿ, 4.56 ಹಾಕಿದರೆ ಇನ್ನೂ ಒಳ್ಳೆಯದಲ್ಲವಾ ಎಂದು ಕೇಳಿದೆ. ಅವರು ಒಪ್ಪಲಿಲ್ಲ. ಹಾಗೆ ಮಾಡಿದರೆ ಹೈವೇಯಲ್ಲಿ ಇಂಜಿನ್ ಕಂಪನಿ ಲೆಕ್ಕಕ್ಕಿಂತ 9 ಶೇಕಡಾ ಹೆಚ್ಚು ಸುತ್ತುತ್ತದೆ. ಜೊತೆಗೆ ಪಿನಿಯನ್ನಿನ ಹಲ್ಲು 9ಕ್ಕೆ ಇಳಿದರೆ ಅದರ ತಲೆ ಸಣ್ಣದಾಗಿ ಬಲ ಕಡಿಮೆಯಾಗುತ್ತದೆ. ಹೆಚ್ಚು ದುಡ್ಡಿನ ಕೆಲಸ ಬಿಟ್ಟು ಸರಿಯಾದ ಕೆಲಸ ಹೇಳಿದ್ದಾರೆ ಎಂದು ನನಗೆ ನಂಬಿಕೆ ಬಂದದ್ದು ಅಲ್ಲಿಯೇ.

ಫೋರ್-ವೀಲ್ ಇರುವವರು ಇದನ್ನು ಮರೆಯಬೇಡಿ: ಹಿಂದಿನದ್ದು ಮಾತ್ರ ಬದಲಿಸುವ ಹಾಗಿಲ್ಲ. ಮುಂದಿನ ಮತ್ತು ಹಿಂದಿನ ಚಕ್ರಗಳ ಲೆಕ್ಕ ಬೇರೆಯಾದರೆ ಫೋರ್-ವೀಲ್ ಹಾಕಿದ ಕೂಡಲೇ ಎರಡೂ ಒಂದನ್ನೊಂದು ಎಳೆದಾಡಿ, ಎರಡೂ ಕಡೆಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಮುರಿಯಬಹುದು. ಎರಡಕ್ಕೂ ಕ್ರೌನ್-ಪಿನಿಯನ್, ಬೇರಿಂಗ್, ಸೀಲ್, ಮಜೂರಿ ಎಲ್ಲ ಸೇರಿ ನನಗೆ 58,000 ರೂಪಾಯಿ ಆಯಿತು. ಸಣ್ಣ ಮೊತ್ತವಲ್ಲ.

ಪಿನಿಯನ್ ಕೂರಿಸುವಾಗ ನಾನು ಹತ್ತಿರವೇ ನಿಂತಿದ್ದೆ. ಹಲ್ಲುಗಳಿಗೆ ಬಣ್ಣದ ಪೇಸ್ಟ್ ಹಚ್ಚಿ ಕೈಯಲ್ಲಿ ತಿರುಗಿಸಿ ಗುರುತು ನೋಡಿದರು. ಗುರುತು ಹಲ್ಲಿನ ಬುಡಕ್ಕೆ ಬಿದ್ದಿತ್ತು. ಕೂದಲೆಳೆಯಷ್ಟು ದಪ್ಪದ ಶಿಮ್ (ಲೋಹದ ತೆಳು ಬಿಲ್ಲೆ) ಒಂದನ್ನು ಬದಲಿಸಲು ಪಿನಿಯನ್ನನ್ನು ಪೂರ್ತಿ ಹೊರಗೆ ತೆಗೆದರು. ಮೂರನೇ ಸಲಕ್ಕೆ ಗುರುತು ಹಲ್ಲಿನ ನಡುವಿಗೆ ಬಂತು. ಡಯಲ್ ಗೇಜ್ ಇಟ್ಟು ಹಲ್ಲುಗಳ ನಡುವಿನ ಸಡಿಲ ನೋಡಿದರೆ 0.18 ಮಿ.ಮೀ. ಆ ತಾಳ್ಮೆಗೇ ನಾನು ದುಡ್ಡು ಕೊಟ್ಟದ್ದು.

ಮೊದಲ ದಿನ 20 ಕಿ.ಮೀ. ಓಡಿಸಿ ಪೂರ್ತಿ ತಣಿಯಲು ಬಿಡಿ, 800 ಕಿ.ಮೀ. ತನಕ ಲೋಡ್ ಬೇಡ, ಅಷ್ಟಾದ ಮೇಲೆ ಗೇರ್ ಆಯಿಲ್ ಬದಲಿಸಿ ಎಂದರು. ದೊಡ್ಡ ಟಯರಿನ ವಿಷಯ ಇನ್ಶೂರೆನ್ಸಿನವರಿಗೆ ತಿಳಿಸಲೂ ಹೇಳಿದರು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬದಲಾವಣೆಗಳ ವಿಷಯದಲ್ಲಿ ಕಟ್ಟುನಿಟ್ಟು.

ಈಗ ಅದೇ ಒಂಬತ್ತನೇ ತಿರುವಿನಲ್ಲಿ 600 ಸಸಿಗಳ ಲೋಡಿನೊಂದಿಗೆ ನಿಲ್ಲಿಸಿ ಹೊರಡಿಸಿ ನೋಡಿದ್ದೇನೆ. ಕ್ಲಚ್ ಬಿಡುತ್ತಿದ್ದ ಹಾಗೆ ಗಾಡಿ ಸಲೀಸಾಗಿ ಮುಂದೆ ಹೋಯಿತು. ಸ್ಪೀಡೋಮೀಟರೂ ಸರಿಯಾಯಿತು. ನಡುವೆ ಅದು 80 ತೋರಿಸುವಾಗ ನಿಜದಲ್ಲಿ ಸುಮಾರು 89ರಲ್ಲಿ ಹೋಗುತ್ತಿದ್ದೆ, ಈಗ ವ್ಯತ್ಯಾಸ ಒಂದೂವರೆ ಕಿ.ಮೀ. ಆಸುಪಾಸು ಅಷ್ಟೆ. ನನ್ನದು ಗೇರ್ ಬಾಕ್ಸಿನ ಕಡೆಯಿಂದ ವೇಗ ಓದುವ ಕೇಬಲ್ ಮೀಟರ್. ಚಕ್ರದ ಸೆನ್ಸರಿನಿಂದ ವೇಗ ಓದುವ ಹೊಸ ಗಾಡಿಗಳಿಗೆ ಈ ಲಾಭ ಇಲ್ಲ.

ಕೊರತೆಯೂ ಉಂಟು. ಮೂರು ದಿನ ಎಂದದ್ದು ಐದಾಯಿತು. ಎರಡು ವಾರದಲ್ಲಿ ಮುಂದಿನ ಹೌಸಿಂಗಿನ ಸೀಲಿನಿಂದ ಆಯಿಲ್ ಜಿನುಗಿತು. ದುಡ್ಡು ಕೇಳದೆ ಸರಿಮಾಡಿ ಕೊಟ್ಟರು, ಆದರೆ ಹೆಬ್ರಿಯಿಂದ ಮತ್ತೊಂದು ಸಲ ಅಷ್ಟು ದೂರ ಹೋಗಬೇಕಾಯಿತು. ಫೋನ್ ಎತ್ತುವುದು ಅಪರೂಪ. ಹೋಗುವವರು ಬೆಳಿಗ್ಗೆಯೇ ಹೋಗಿ, ಟಯರಿನ ಬದಿಯಲ್ಲಿ ಬರೆದಿರುವ ಅಳತೆ ಮತ್ತು ವಾರಕ್ಕೆ ಎಷ್ಟು ಲೋಡ್, ಎಷ್ಟು ಘಾಟಿ ಎಂಬುದನ್ನು ಬರೆದುಕೊಂಡು ಹೋಗಿ. ಅವರು ಕೇಳುವ ಮೊದಲ ಎರಡು ಪ್ರಶ್ನೆ ಅವೇ.